ಮೂರು ಪದ ಜಾಸ್ತಿ ಬಂದದ್ದು ಎಲ್ಲಿಂದ?

ನನ್ನ ಎಡಿಟರ್‌ನ ತಳದ ಪಟ್ಟಿಯಲ್ಲಿ ಕನ್ನಡ ಪದಗಳ ಎಣಿಕೆಯಾಗಿ ಎರಡು ವರ್ಷ ಒಂದೇ ಸಂಖ್ಯೆ ಇತ್ತು. ಸೊನ್ನೆ. ಸಾವಿರ ಪದ ಬರೆದರೂ ಸೊನ್ನೆ, ಮೂರು ಸಾವಿರ ಬರೆದರೂ ಸೊನ್ನೆ.

ನನ್ನ ಕೆಲಸ ಕನ್ನಡದಲ್ಲಿ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು. ಬಹುಪಾಲು ಸಾಫ್ಟ್‌ವೇರ್ ಕೈಪಿಡಿಗಳು, ಸಹಾಯ ಪುಟಗಳು. ಎಲ್ಲವನ್ನೂ ಮಾರ್ಕ್‌ಡೌನ್ ಅನ್ನುವ ಸರಳ ಪಠ್ಯದ ಫೈಲಿನಲ್ಲಿ, ವಿಎಸ್ ಕೋಡ್ ಅನ್ನುವ ಎಡಿಟರ್ ಒಳಗೆ ಬರೆಯುತ್ತೇನೆ. ಎಷ್ಟು ಪದ ಆಯಿತು ಅನ್ನುವ ಲೆಕ್ಕ ನನಗೆ ದಿನಾ ಬೇಕು. ಅದಕ್ಕೆಂದೇ ಒಂದು ಪುಟ್ಟ ಎಕ್ಸ್‌ಟೆನ್ಷನ್, ಅಂದರೆ ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಸಾಫ್ಟ್‌ವೇರ್, ಹಾಕಿಕೊಂಡಿದ್ದೆ. ಇಂಗ್ಲಿಷ್ ಫೈಲು ತೆರೆದರೆ ಸರಿಯಾಗಿ ಎಣಿಸುತ್ತಿತ್ತು. ಕನ್ನಡ ಫೈಲು ತೆರೆದ ಕೂಡಲೇ ಸೊನ್ನೆ. ಆಗ ನಾನು ಏನು ಮಾಡುತ್ತಿದ್ದೆ? ಪೂರ್ತಿ ಲೇಖನ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ, ಅಲ್ಲಿ ಲೆಕ್ಕ ನೋಡಿಕೊಂಡು ವಾಪಸ್ ಬರುತ್ತಿದ್ದೆ. ದಿನಕ್ಕೆ ಐದಾರು ಸಲ. ಅದು ಅಭ್ಯಾಸವಾಗಿ ಹೋಯಿತು. ಒಂದು ತೊಂದರೆ ಅಭ್ಯಾಸವಾದ ಮೇಲೆ ಅದು ತೊಂದರೆ ಅಂತ ಅನಿಸುವುದೇ ಇಲ್ಲ.

ಒಂದು ದಿನ ನನ್ನ ಜೊತೆ ಕೆಲಸ ಮಾಡುವ ಹುಡುಗ ಅದೇ ಎಕ್ಸ್‌ಟೆನ್ಷನ್ ಹಾಕಿಕೊಂಡ. ಎರಡು ನಿಮಿಷ ನೋಡಿ, “ಅಕ್ಕಾ, ಇದಕ್ಕೆ ಕನ್ನಡ ಬರಲ್ವಾ?” ಅಂತ ಕೇಳಿದ. “ಇಲ್ಲ ಕಣೋ” ಅಂದೆ. ಅವನು ಅದನ್ನು ತೆಗೆದು ಹಾಕಿ ಮುಂದಿನ ಕೆಲಸಕ್ಕೆ ಹೋದ. ನನಗೆ ಆ ಉತ್ತರ ಮನಸ್ಸಿನಲ್ಲೇ ಉಳಿಯಿತು. ಎರಡು ವರ್ಷದಿಂದ ನನಗೆ ಗೊತ್ತಿತ್ತು. ಆದರೆ ಅದನ್ನು ಬರೆದವರಿಗೆ ಗೊತ್ತಿತ್ತಾ? ಅವರಿಗೆ ಕನ್ನಡ ಬರಲ್ಲ. ಅವರ ಪರದೆಯ ಮೇಲೆ ಒಂದು ಕನ್ನಡ ಪದವೂ ಯಾವತ್ತೂ ಬಂದಿರಲಿಕ್ಕಿಲ್ಲ. ನಾನು ಹೇಳದೆ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅವತ್ತೇ ಸಂಜೆ ಆ ಎಕ್ಸ್‌ಟೆನ್ಷನ್ ಯೋಜನೆಯ ಪುಟದಲ್ಲಿ ಇಶ್ಯೂ, ಅಂದರೆ ತೊಂದರೆಯ ವರದಿ, ಬರೆದೆ. ಶೀರ್ಷಿಕೆ, “ಕನ್ನಡದಲ್ಲಿ ಕೆಲಸ ಮಾಡುತ್ತಿಲ್ಲ”. ಒಳಗೆ ಎರಡು ಸಾಲು, ಒಂದು ಸ್ಕ್ರೀನ್‌ಶಾಟ್. ಮೂರು ದಿನ ಬಿಟ್ಟು ಮೇಂಟೇನರ್, ಅಂದರೆ ಆ ಯೋಜನೆ ನೋಡಿಕೊಳ್ಳುವವರು, ಕೇಳಿದರು: ಏನು ಕೆಲಸ ಮಾಡುತ್ತಿಲ್ಲ, ಒಂದು ಉದಾಹರಣೆ ಕೊಡುತ್ತೀರಾ, ಎಕ್ಸ್‌ಟೆನ್ಷನ್‌ನ ಯಾವ ಆವೃತ್ತಿ? ಆ ವಾರ ನನಗೆ ಕೆಲಸ ಜಾಸ್ತಿ ಇತ್ತು. ಆಮೇಲೆ ಬರೆಯೋಣ ಅಂತ ಬಿಟ್ಟೆ. ಆ ಯೋಜನೆಯಲ್ಲಿ ತಾನೇ ಕೆಲಸ ಮಾಡುವ ಒಂದು ಬಾಟ್ ಇದೆ. 60 ದಿನ ಯಾರೂ ಮಾತಾಡದ ಇಶ್ಯೂಗೆ ಅದು ‘ಹಳತಾಗಿದೆ’ ಅಂತ ಚೀಟಿ ಅಂಟಿಸುತ್ತದೆ, ಇನ್ನೊಂದು ವಾರ ಕಾದು ಮುಚ್ಚುತ್ತದೆ. ನನ್ನದೂ ಮುಚ್ಚಿತು. ಆ ಮಿಂಚಂಚೆ ನೋಡಿದಾಗ ಮೊದಲು ಸಿಟ್ಟು ಬಂತು. ಆಮೇಲೆ ನಾನು ಬರೆದದ್ದನ್ನೇ ಅವರ ಜಾಗದಲ್ಲಿ ಕೂತು ಓದಿದೆ. ಅದರಲ್ಲಿ ಅವರಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಅವರಿಗೆ ಓದಲು ಬಾರದ ಲಿಪಿ. ಅದನ್ನು ಕಾಪಿ ಮಾಡಿ ತಮ್ಮ ಎಡಿಟರ್‌ಗೆ ಹಾಕಿ ನೋಡಲೂ ಆಗುತ್ತಿರಲಿಲ್ಲ, ಏಕೆಂದರೆ ಅದು ಚಿತ್ರ.

ಎರಡನೇ ಸಲ ಬರೆಯುವ ಮೊದಲು ಒಂದು ಗಂಟೆ ಪೂರ್ತಿ ಕೂತೆ. ಹಳೆಯ ಇಶ್ಯೂಗಳನ್ನೆಲ್ಲ ಹುಡುಕಿದೆ. ‘ಕನ್ನಡ’ ಅಂತ ಹುಡುಕಿದರೆ ನನ್ನದೊಂದೇ. ‘ಯೂನಿಕೋಡ್’ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಮಾನಕ) ಅಂತ ಹುಡುಕಿದರೆ ಇನ್ನೆರಡು, ಎರಡೂ ಎಮೋಜಿ ಬಗ್ಗೆ. ನನ್ನ ಸಮಸ್ಯೆಯನ್ನು ಬೇರೆ ಯಾರೂ ಹೇಳಿಲ್ಲ ಅನ್ನುವುದು ಖಾತ್ರಿಯಾಯಿತು. ಆಮೇಲೆ ಒಂದು ಹೊಸ ಖಾಲಿ ಫೈಲು ತೆರೆದೆ. ಉಳಿದ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಆಫ್ ಮಾಡಿದೆ. ‘ಕನ್ನಡ ನಾಡು’ ಅಂತ ಎರಡೇ ಪದ ಟೈಪ್ ಮಾಡಿದೆ. ಎಣಿಕೆ 0. ಅದನ್ನು ಅಳಿಸಿ ಎರಡು ಇಂಗ್ಲಿಷ್ ಪದ ಹಾಕಿದೆ. ಎಣಿಕೆ 2. ಇಷ್ಟೇ ಸಾಕು ಅನಿಸಿತು. ನನ್ನ ಮೂರು ಸಾವಿರ ಪದದ ಲೇಖನ ಬೇಕಾಗಿಲ್ಲ, ಎರಡು ಪದ ಸಾಕು.

ವಿಎಸ್ ಕೋಡ್‌ನ ಹೆಲ್ಪ್ ಮೆನುವಿನಲ್ಲಿ ‘ರಿಪೋರ್ಟ್ ಇಶ್ಯೂ’ ಅಂತ ಒಂದಿದೆ. ಸಮಸ್ಯೆ ಎಡಿಟರ್‌ನದಾ, ಎಕ್ಸ್‌ಟೆನ್ಷನ್‌ನದಾ ಅಂತ ಕೇಳುತ್ತದೆ. ಎಕ್ಸ್‌ಟೆನ್ಷನ್ ಅಂತ ಆರಿಸಿಕೊಂಡರೆ ಆವೃತ್ತಿ, ಆಪರೇಟಿಂಗ್ ಸಿಸ್ಟಂ ಇವೆಲ್ಲ ತಾನೇ ತುಂಬಿಕೊಳ್ಳುತ್ತದೆ. ನಾನು ಬರೆಯಬೇಕಾಗಿ ಬಂದದ್ದು ಮೂರೇ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಕನ್ನಡ ಪದಗಳನ್ನು ಈ ಸಲ ಚಿತ್ರವಾಗಿ ಹಾಕದೆ ಪಠ್ಯವಾಗಿಯೇ ಹಾಕಿದೆ. ಕೆಳಗೆ ಒಂದು ಸಾಲು ಸೇರಿಸಿದೆ: “ಇವು ಎರಡು ಪದ. ನಡುವಿನ ಖಾಲಿ ಜಾಗವೇ ಪದದ ಗಡಿ, ಇಂಗ್ಲಿಷ್‌ನಲ್ಲಿ ಇರುವ ಹಾಗೆಯೇ.” ಈ ಸಾಲು ಬರೆಯಬೇಕು ಅಂತ ಮೊದಲು ಹೊಳೆದಿರಲಿಲ್ಲ. ಆದರೆ ಥಾಯ್ ಭಾಷೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಜಪಾನಿ ಭಾಷೆಯಲ್ಲೂ ಇಲ್ಲ. ಕನ್ನಡ ಗೊತ್ತಿಲ್ಲದವರಿಗೆ ಕನ್ನಡ ಯಾವ ಗುಂಪಿನದು ಅಂತ ಹೇಗೆ ತಿಳಿಯಬೇಕು?

ಮಾರನೇ ದಿನವೇ ಉತ್ತರ ಬಂತು. ಸಮಸ್ಯೆ ನನ್ನಲ್ಲೂ ಕಾಣಿಸುತ್ತಿದೆ, ಇಷ್ಟು ಸ್ಪಷ್ಟವಾಗಿ ಬರೆದಿದ್ದಕ್ಕೆ ಧನ್ಯವಾದ ಅಂದಿದ್ದರು. ಕೊನೆಗೆ ಒಂದು ಫೈಲಿನ ಹೆಸರು, ಸಾಲಿನ ಸಂಖ್ಯೆ. “ತೊಂದರೆ ಇರುವುದು ಈ ಸಾಲಿನಲ್ಲಿ. ನನಗೆ ಕನ್ನಡ ಓದಲು ಬರುವುದಿಲ್ಲ, ತಿದ್ದಿದರೂ ಅದು ಸರಿಯೋ ತಪ್ಪೋ ನನಗೆ ಗೊತ್ತಾಗುವುದಿಲ್ಲ. ನೀವೇ ಪ್ರಯತ್ನಿಸುತ್ತೀರಾ?”

ನಾನು ಪ್ರೋಗ್ರಾಮರ್ ಅಲ್ಲ. ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತು, ಅದೂ ಕೈಪಿಡಿ ಬರೆಯುವಾಗ ಕಲಿತದ್ದು. ಆದರೂ ಆ ಪ್ರಶ್ನೆ ಓದಿದಾಗ ಇದು ನನ್ನ ಕೆಲಸವೇ ಅನಿಸಿತು. ಆ ಯೋಜನೆಗೆ ಕೋಡ್ ಬರೆಯುವವರು ಸಿಗುತ್ತಾರೆ. ಅವರಿಗೆ ಬೇಕಾಗಿದ್ದದ್ದು ಕನ್ನಡ ಗೊತ್ತಿರುವ ಒಬ್ಬರು.

ಕೋಡ್ ಫೋರ್ಕ್ ಮಾಡಿ, ಅಂದರೆ ನನ್ನದೇ ಒಂದು ಪ್ರತಿ ಮಾಡಿಕೊಂಡು, ಅದನ್ನು ನನ್ನ ಕಂಪ್ಯೂಟರಿಗೆ ಕ್ಲೋನ್ ಮಾಡಿ ಇಳಿಸಿಕೊಂಡೆ. ಬೇಕಾದ ಪ್ಯಾಕೇಜುಗಳನ್ನು ಇಳಿಸಿಕೊಂಡೆ. ಆಮೇಲೆ ಎಫ್5 ಒತ್ತಿದೆ. ವಿಎಸ್ ಕೋಡ್‌ನ ಇನ್ನೊಂದು ಕಿಟಕಿ ತೆರೆಯಿತು. ಅದರೊಳಗೆ ಓಡುತ್ತಿದ್ದದ್ದು ನನ್ನ ಕೈಯಲ್ಲಿರುವ ಕೋಡ್. ಒಂದು ಕಿಟಕಿಯಲ್ಲಿ ಸಾಲು ಬದಲಿಸುವುದು, ಇನ್ನೊಂದು ಕಿಟಕಿಯನ್ನು ರಿಲೋಡ್ ಮಾಡಿ ಏನಾಯಿತು ಅಂತ ನೋಡುವುದು. ಇಷ್ಟು ಸುಲಭ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ದಿನಾ ಬಳಸುವ ವಸ್ತುವಿನ ಒಳಗಡೆ ಕೈ ಹಾಕಿದ್ದು ಅದೇ ಮೊದಲು. ಎಣಿಸುವ ಸಾಲಿನ ಮೇಲೆ ಬ್ರೇಕ್‌ಪಾಯಿಂಟ್, ಅಂದರೆ ಕೋಡ್ ಓಡುತ್ತಾ ಇಲ್ಲಿಗೆ ಬಂದಾಗ ನಿಲ್ಲಲಿ ಅನ್ನುವ ಗುರುತು, ಇಟ್ಟೆ. ‘ಕನ್ನಡ ನಾಡು’ ಅಂತ ಟೈಪ್ ಮಾಡಿದೆ. ಮೊದಲ ಅಕ್ಷರ ಬಿದ್ದ ಕೂಡಲೇ ಎಲ್ಲ ನಿಂತಿತು, ಆ ಸಾಲು ಹಳದಿ ಬಣ್ಣದಲ್ಲಿ ಹೊಳೆಯಿತು. ಎರಡು ವರ್ಷ ಸೊನ್ನೆ ತೋರಿಸಿದ ಸಾಲು ಅದು.

ಆ ಸಾಲಿನಲ್ಲಿ ಪದ ಹುಡುಕಲು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಏನನ್ನು ಹುಡುಕಬೇಕು ಅಂತ ಹೇಳುವ ಸಂಕೇತ, ಇತ್ತು. ಬ್ಯಾಕ್‌ಸ್ಲ್ಯಾಶ್, ಡಬ್ಲ್ಯೂ, ಪ್ಲಸ್. ಅದರ ಅರ್ಥ ‘ಪದದಲ್ಲಿ ಬರುವ ಅಕ್ಷರಗಳ ಸಾಲು’. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಪದದಲ್ಲಿ ಬರುವ ಅಕ್ಷರ ಅಂದರೆ ಇಂಗ್ಲಿಷ್‌ನ ಸಣ್ಣ ಮತ್ತು ದೊಡ್ಡ ಅಕ್ಷರ 52, ಅಂಕೆ 10, ಅಂಡರ್‌ಸ್ಕೋರ್ ಒಂದು. ಒಟ್ಟು 63. ಕನ್ನಡ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಸೇರಿದೆ. ಆದರೂ ಈ 63ರಲ್ಲಿ ನಮ್ಮ ಒಂದು ಅಕ್ಷರವೂ ಇಲ್ಲ. ನಾನು ಬರೆದ ಮೂರು ಸಾವಿರ ಪದ ಈ ಸಾಲಿನ ಕಣ್ಣಿಗೆ ಬರೀ ಚುಕ್ಕಿ, ಅಲ್ಪವಿರಾಮ ಇದ್ದ ಹಾಗೆ.

ಬರೆದವರನ್ನು ದೂರಲು ನನಗೆ ಮನಸ್ಸಿಲ್ಲ. ಆ ಸಾಲು 2016ರದು. ಯಾವುದೇ ಲಿಪಿಯ ಅಕ್ಷರ ಅಂತ ಕೇಳುವ ಸೌಲಭ್ಯ ಜಾವಾಸ್ಕ್ರಿಪ್ಟ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಬಂದದ್ದು 2018ರ ಮಾನಕದಲ್ಲಿ. ಅವರು ಬರೆದಾಗ ಅದು ಇರಲೇ ಇಲ್ಲ.

ಆ ಹೊಸ ಸೌಲಭ್ಯ ನನಗೆ ಬೇಗ ಸಿಕ್ಕಿತು. ಬ್ಯಾಕ್‌ಸ್ಲ್ಯಾಶ್ ಹಾಕಿ ‘ಪಿ’ ಅಂತ ಬರೆದು, ಬ್ರೇಸ್ ಒಳಗೆ ‘ಎಲ್’ ಹಾಕಿದರೆ ಯಾವ ಲಿಪಿಯ ಅಕ್ಷರವಾದರೂ ಸರಿ ಅಂತ ಅರ್ಥ. ಹಾಕಿದೆ, ರಿಲೋಡ್ ಮಾಡಿದೆ. ಕನ್ನಡ ಇನ್ನೂ ಸೊನ್ನೆ. ಈಗ ಇಂಗ್ಲಿಷ್ ಕೂಡ ಸೊನ್ನೆ! ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು. ಎಕ್ಸ್‌ಪ್ರೆಶನ್‌ನ ಕೊನೆಗೆ ‘ಯು’ ಅನ್ನುವ ಒಂದು ಫ್ಲ್ಯಾಗ್ ಹಾಕಬೇಕು. ಅದು ಇಲ್ಲದಿದ್ದರೆ ಅದು ಅಕ್ಷರದ ವರ್ಗವನ್ನು ಹುಡುಕುವುದಿಲ್ಲ, ನಾನು ಟೈಪ್ ಮಾಡಿದ ಆ ‘ಪಿ’ಯನ್ನೂ ಬ್ರೇಸನ್ನೂ ಹಾಗೆ ಹಾಗೇ ಫೈಲಿನಲ್ಲಿ ಹುಡುಕುತ್ತದೆ. ಎರರ್ ಕೂಡ ಕೊಡುವುದಿಲ್ಲ. ಸುಮ್ನೆ ಸೊನ್ನೆ ತೋರಿಸುತ್ತದೆ.

ಫ್ಲ್ಯಾಗ್ ಹಾಕಿದೆ. ‘ಕನ್ನಡ ನಾಡು’ ಈಗ 4 ಪದ.

ಇದು ನನಗೆ ತುಂಬ ಇಷ್ಟವಾದ ಕ್ಷಣ. ಏಕೆಂದರೆ ಯಾಕೆ ನಾಲ್ಕು ಅಂತ ನೋಡಿದ ಕೂಡಲೇ ಹೊಳೆಯಿತು. ಮೇಂಟೇನರ್‌ಗೆ ಅದು ಹೊಳೆಯುವುದು ಕಷ್ಟವಿತ್ತು. ಯೂನಿಕೋಡ್‌ನಲ್ಲಿ ‘ಕ’, ‘ನ’, ‘ಡ’ ಇವು ಅಕ್ಷರಗಳು. ಆದರೆ ಒತ್ತಕ್ಷರ ಮಾಡುವ ಅರ್ಧಚಂದ್ರದ ಗುರುತು, ಆಕಾರದ ದೀರ್ಘ, ಉಕಾರದ ಕೊಂಬು ಇವು ಅಕ್ಷರಗಳಲ್ಲ. ಅವು ಬೇರೆ ವರ್ಗ, ಅಕ್ಷರಕ್ಕೆ ಅಂಟಿಕೊಳ್ಳುವ ಗುರುತುಗಳು. ಹಾಗಾಗಿ ಕೋಡ್ ಅಂಥ ಗುರುತು ಕಂಡಲ್ಲೆಲ್ಲ ಪದವನ್ನು ಕತ್ತರಿಸುತ್ತಿತ್ತು. ‘ಕನ್ನಡ’ ಹೋಗಿ ‘ಕನ’, ‘ನಡ’. ‘ನಾಡು’ ಹೋಗಿ ‘ನ’, ‘ಡ’. ಒಟ್ಟು ನಾಲ್ಕು. ‘ಸಾಫ್ಟ್‌ವೇರ್’ ಹಾಕಿ ನೋಡಿದೆ. ಐದು ಪದ! ಸ, ಫ, ಟ, ವ, ರ. ಶಾಲೆಯಲ್ಲಿ ಕಾಗುಣಿತ ಕಲಿತವರಿಗೆ ಇದು ಒಂದು ನೋಟಕ್ಕೆ ತಿಳಿಯುತ್ತದೆ, ಅಲ್ವಾ? ಇಂಗ್ಲಿಷ್‌ನಲ್ಲಿ ಸ್ವರವೂ ಒಂದು ಅಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಅದು ವ್ಯಂಜನದ ಮೈಮೇಲೆ ಕೂರುತ್ತದೆ. ಆ ವ್ಯತ್ಯಾಸವೇ ಈ ಬಗ್.

ಗುರುತುಗಳ ವರ್ಗವನ್ನೂ ಸೇರಿಸಿದೆ. 2 ಪದ. ತಳದ ಪಟ್ಟಿಯಲ್ಲಿ ಆ 2 ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆಮೇಲೆ ಟೆಸ್ಟ್‌ಗಳನ್ನು, ಅಂದರೆ ಕೋಡ್ ಸರಿಯಿದೆಯೇ ಅಂತ ತಾವೇ ಪರೀಕ್ಷಿಸುವ ಪುಟ್ಟ ಕೋಡ್‌ಗಳನ್ನು, ಓಡಿಸಿದೆ. ಮೊದಲೇ ಇದ್ದ 31 ಟೆಸ್ಟ್‌ಗಳಲ್ಲಿ 3 ಬಿದ್ದವು. ಹಳೆಯ ಸಾಲು ಅಂಕೆಗಳನ್ನೂ ಅಂಡರ್‌ಸ್ಕೋರನ್ನೂ ಪದದಲ್ಲಿ ಸೇರಿಸುತ್ತಿತ್ತು, ನಾನು ಎರಡನ್ನೂ ಬಿಟ್ಟಿದ್ದೆ. 2024 ಅಂತ ಬರೆದರೆ ನನ್ನ ಕೋಡ್‌ಗೆ ಅದು ಪದವೇ ಅಲ್ಲ. ಕನ್ನಡವನ್ನು ಸರಿ ಮಾಡಲು ಹೋಗಿ ಬೇರೆಯವರಿಗೆ ಸರಿಯಾಗಿ ನಡೆಯುತ್ತಿದ್ದದ್ದನ್ನು ಕೆಡಿಸಿಬಿಡುತ್ತಿದ್ದೆ. ಆ ಮೂರು ಟೆಸ್ಟ್ ಬರೆದಿಟ್ಟವರಿಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಅಂಕೆಗಳ ವರ್ಗ ಸೇರಿಸಿದೆ, ಅದರಲ್ಲಿ ನಮ್ಮ ೦ಯಿಂದ ೯ರವರೆಗಿನ ಅಂಕೆಗಳೂ ಬಂದವು. ಅಂಡರ್‌ಸ್ಕೋರ್ ಸೇರಿಸಿದೆ. ಎಲ್ಲ ಹಸಿರು.

ಮುಗಿಯಿತು ಅಂದುಕೊಂಡೆ. ಕಳಿಸುವ ಮೊದಲು ನಿಜವಾದ ಒಂದು ಲೇಖನದ ಮೇಲೆ ನೋಡೋಣ ಅನಿಸಿತು. ಹಿಂದಿನ ವಾರ ಬರೆದ ಕೈಪಿಡಿಯಿಂದ ಒಂದು ಪ್ಯಾರಾ ತೆಗೆದುಕೊಂಡೆ. ಪೆನ್ಸಿಲ್ ಹಿಡಿದು ಕೈಯಲ್ಲೇ ಎಣಿಸಿದೆ. 58. ಇನ್ನೊಂದು ಸಲ ಎಣಿಸಿದೆ. 58. ಎಕ್ಸ್‌ಟೆನ್ಷನ್ ಹೇಳಿದ್ದು 61.

ಮೂರು ಪದ ಜಾಸ್ತಿ ಎಲ್ಲಿಂದ ಬಂತು? ಸಿಕ್ಕ ಪದಗಳನ್ನೆಲ್ಲ ಒಂದೊಂದು ಸಾಲಿಗೆ ಒಂದರಂತೆ ಪ್ರಿಂಟ್ ಮಾಡಿಸಿದೆ. ಇಪ್ಪತ್ತನೇ ಸಾಲಿನ ಹತ್ತಿರ ಕಣ್ಣಿಗೆ ಬಿತ್ತು. ಒಂದು ಸಾಲಿನಲ್ಲಿ ‘ಸಾಫ್ಟ್’, ಕೆಳಗಿನ ಸಾಲಿನಲ್ಲಿ ‘ವೇರ್’. ಇನ್ನೊಂದು ಕಡೆ ‘ಇನ್’ ಬೇರೆ, ‘ಪುಟ್’ ಬೇರೆ. ಮತ್ತೊಂದು ಕಡೆ ‘ವೆಬ್’ ಬೇರೆ, ‘ಸೈಟ್’ ಬೇರೆ. ನಾನೇ ಎಲ್ಲೋ ಸ್ಪೇಸ್ ಒತ್ತಿರಬೇಕು ಅಂತ ಮೂಲ ಪಠ್ಯ ನೋಡಿದೆ. ಅಲ್ಲಿ ಜಾಗ ಇರಲಿಲ್ಲ. ಆದರೂ ಅಲ್ಲಿ ಏನೋ ಇದೆ. ಆ ಪದದ ಒಂದೊಂದು ಗುರುತಿನ ಸಂಖ್ಯೆಯನ್ನು ಪ್ರಿಂಟ್ ಮಾಡಿಸಿದೆ. ‘ಟ’ 3231. ಅರ್ಧಚಂದ್ರ 3277. ಆಮೇಲೆ 8204. ಆಮೇಲೆ ‘ವ’ 3253.

8204. ಉಳಿದವೆಲ್ಲ ಮೂರು ಸಾವಿರದ ಆಸುಪಾಸಿನಲ್ಲಿವೆ, ಇದೊಂದು ಎಂಟು ಸಾವಿರದಲ್ಲಿದೆ. ಕನ್ನಡದ್ದಲ್ಲ. ಹುಡುಕಿದರೆ ಹೆಸರು ಸಿಕ್ಕಿತು: ಝೀರೋ ವಿಡ್ತ್ ನಾನ್ ಜಾಯ್ನರ್. ಅಗಲವೇ ಇಲ್ಲದ, ಕಣ್ಣಿಗೆ ಕಾಣದ, ‘ಇಲ್ಲಿ ಜೋಡಿಸಬೇಡ’ ಅಂತ ಹೇಳುವ ಒಂದು ಗುರುತು. ಅದು ಇರುವುದರಿಂದಲೇ ‘ಸಾಫ್ಟ್‌ವೇರ್’ ಹೀಗೆ ಕಾಣುತ್ತದೆ. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಆಗಿ ವಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ನಾವು ಬೇರೆ ಭಾಷೆಯಿಂದ ಬಂದ ಪದ ಬರೆಯುವಾಗ ಹಲವು ಸಲ ಇದನ್ನು ಬಳಸುತ್ತೇವೆ. ಕೀಲಿಮಣೆಯಲ್ಲಿ ಒತ್ತುತ್ತೇವೆ, ಬೆರಳಿಗೆ ಅದು ಗೊತ್ತು. ಆದರೆ ಅದಕ್ಕೆ ತನ್ನದೇ ಆದ ಒಂದು ಸಂಖ್ಯೆ ಇದೆ, ಫೈಲಿನಲ್ಲಿ ಅದು ಒಂದು ಜಾಗ ಹಿಡಿದು ಕೂತಿರುತ್ತದೆ ಅಂತ ಇಷ್ಟು ವರ್ಷ ಬರೆದರೂ ನಾನು ಯೋಚಿಸಿರಲಿಲ್ಲ. ಈ ಲೇಖನದಲ್ಲೇ ಅದು ಎಷ್ಟು ಸಲ ಬಂದಿದೆಯೋ.

ಅದಕ್ಕೊಂದು ಜೋಡಿಯೂ ಇದೆ, 8205, ಝೀರೋ ವಿಡ್ತ್ ಜಾಯ್ನರ್. ‘ರ‍್ಯಾಂಕ್’ ಅಂತ ಬರೆಯುವಾಗ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಹೋಗದ ಹಾಗೆ ಹಿಡಿದಿಡುವುದು ಅದು. ಎರಡೂ ಅಕ್ಷರದ ವರ್ಗಕ್ಕೂ ಸೇರಿಲ್ಲ, ಗುರುತಿನ ವರ್ಗಕ್ಕೂ ಸೇರಿಲ್ಲ. ಎರಡನ್ನೂ ಪಟ್ಟಿಗೆ ಸೇರಿಸಿದೆ. 58 ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಸ್ಕ್ರೀನ್‌ಶಾಟ್ ಬೇಡ, ಪಠ್ಯವನ್ನೇ ಅಂಟಿಸಿ ಅಂತ ನಾನು ಈಗ ಎಲ್ಲರಿಗೂ ಹೇಳುವುದು ಇದಕ್ಕೇ. ಚಿತ್ರದಲ್ಲಿ 8204 ಇರುವುದಿಲ್ಲ. ನೀವು ಕಳಿಸಿದ ಚಿತ್ರ ನೋಡಿ ಅವರು ಅದೇ ಪದವನ್ನು ಕಷ್ಟಪಟ್ಟು ಟೈಪ್ ಮಾಡಿದರೂ ಆ ಗುರುತು ಬರದೇ ಹೋಗಬಹುದು, ಬಗ್ ಕಾಣದೇ ಹೋಗಬಹುದು.

ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ತೆರೆದೆ. ವಿವರಣೆಯಲ್ಲಿ ಇಶ್ಯೂ ಸಂಖ್ಯೆ ಹಾಕಿದೆ, ಮರ್ಜ್ ಆದ (ಮೂಲ ಕೋಡ್‌ಗೆ ಸೇರಿದ) ಕೂಡಲೇ ಅದು ತಾನೇ ಮುಚ್ಚಿಕೊಳ್ಳಲಿ ಅಂತ. ಐದು ಹೊಸ ಟೆಸ್ಟ್ ಸೇರಿಸಿದ್ದೆ. ಪ್ರತಿ ಟೆಸ್ಟ್‌ನ ಮೇಲೆ ಒಂದು ಸಾಲು ಇಂಗ್ಲಿಷ್‌ನಲ್ಲಿ ಬರೆದೆ: ಈ ಪದದಲ್ಲಿ ಒತ್ತಕ್ಷರ ಇದೆ, ಈ ಪದದಲ್ಲಿ ಕಾಣದ ಗುರುತು ಇದೆ, ಇದು ಒಂದೇ ಪದ. ನಾಳೆ ಕನ್ನಡ ಬಾರದವರು ಈ ಕೋಡ್ ಬದಲಿಸುವಾಗ ಟೆಸ್ಟ್ ಬಿದ್ದರೆ ಯಾಕೆ ಬಿತ್ತು ಅಂತ ಅವರಿಗೆ ತಿಳಿಯಬೇಕಲ್ಲ.

ಮೊದಲ ರಿವ್ಯೂ ಬಂದಾಗ ಬೇರೆಯದೇ ಸಮಸ್ಯೆ. ನಾನು ಬದಲಿಸಿದ್ದು ಒಂದು ಸಾಲು. ಏನೇನು ಬದಲಾಗಿದೆ ಅಂತ ತೋರಿಸುವ ಡಿಫ್‌ನಲ್ಲಿ ಕಾಣುತ್ತಿದ್ದದ್ದು 400ಕ್ಕೂ ಹೆಚ್ಚು ಸಾಲು. ನನ್ನ ಎಡಿಟರ್‌ನಲ್ಲಿ ಫೈಲು ಸೇವ್ ಮಾಡಿದಾಗ ತಾನೇ ಫಾರ್ಮ್ಯಾಟ್ ಆಗುವ ವ್ಯವಸ್ಥೆ ಇದೆ. ಅದು ಇಡೀ ಫೈಲಿನ ಉದ್ಧರಣ ಚಿಹ್ನೆಗಳನ್ನೂ ಸಾಲಿನ ಆರಂಭದ ಜಾಗವನ್ನೂ ಬದಲಿಸಿಬಿಟ್ಟಿತ್ತು. “ನಿಜವಾದ ಬದಲಾವಣೆ ಯಾವುದು ಅಂತ ಕಾಣುತ್ತಿಲ್ಲ, ಉಳಿದದ್ದನ್ನು ವಾಪಸ್ ತೆಗೆಯುತ್ತೀರಾ?” ಅಂತ ಕೇಳಿದ್ದರು. ನಾನು ಲೇಖನ ತಿದ್ದುವವಳು. ಯಾರಾದರೂ ಒಂದು ಪದ ಬದಲಿಸಿ ಇಡೀ ಲೇಖನವನ್ನು ಹೊಸ ಅಕ್ಷರಶೈಲಿಯಲ್ಲಿ ಕಳಿಸಿದರೆ ನನಗೂ ಹೀಗೇ ಆಗುತ್ತದೆ. ಆ ವ್ಯವಸ್ಥೆ ಆಫ್ ಮಾಡಿ, ಮೂಲ ಫೈಲು ತಂದುಕೊಂಡು, ಆ ಒಂದು ಸಾಲನ್ನು ಮಾತ್ರ ಬದಲಿಸಿ ಮತ್ತೆ ಕಳಿಸಿದೆ. ಈಗ ಪ್ರತಿ ಕಮಿಟ್‌ಗೂ (ಬದಲಾವಣೆ ದಾಖಲಿಸುವುದಕ್ಕೂ) ಮೊದಲು ಡಿಫ್ ಪೂರ್ತಿ ಓದುತ್ತೇನೆ.

ಎರಡನೇ ರಿವ್ಯೂನಲ್ಲಿ ಒಂದೇ ಪ್ರಶ್ನೆ. “ಆ ಕಾಣದ ಗುರುತು ಒಂದೇ ಇದ್ದರೆ? ಅದರ ಎರಡೂ ಕಡೆ ಖಾಲಿ ಜಾಗ ಇದ್ದರೆ ಅದನ್ನೂ ಪದ ಅಂತ ಎಣಿಸುತ್ತದಲ್ಲವೇ?” ಎಣಿಸುತ್ತಿತ್ತು. ಹಾಕಿ ನೋಡಿದೆ, ಏನೂ ಇಲ್ಲದ ಸಾಲಿಗೆ 1 ಪದ. ಎಲ್ಲಿಂದಲೋ ಕಾಪಿ ಮಾಡಿದ ಪಠ್ಯದಲ್ಲಿ ಇಂಥ ಒಂಟಿ ಗುರುತು ಇರುವುದು ಅಪರೂಪವೇನಲ್ಲ. ಕನ್ನಡದ ಒಂದು ಅಕ್ಷರವೂ ಓದಲು ಬಾರದವರು ನನ್ನ ಕಣ್ಣಿಗೆ ಬೀಳದ ತಪ್ಪನ್ನು ಹಿಡಿದಿದ್ದರು. ತಿದ್ದಿದೆ: ಪದ ಶುರುವಾಗಬೇಕಾದರೆ ಅಕ್ಷರವೋ ಅಂಕೆಯೋ ಅಂಡರ್‌ಸ್ಕೋರೋ ಇರಬೇಕು, ಗುರುತುಗಳೂ ಜೋಡಣೆಯ ಚಿಹ್ನೆಗಳೂ ಅದರ ನಂತರ ಮಾತ್ರ ಬರಬಹುದು. ಅದಕ್ಕೊಂದು ಆರನೇ ಟೆಸ್ಟ್. ನನಗೆ ಕನ್ನಡ ಗೊತ್ತು, ಅವರಿಗೆ ಕೋಡ್ ಎಲ್ಲಿ ಮುರಿಯುತ್ತದೆ ಅಂತ ಗೊತ್ತು. ಇಬ್ಬರಲ್ಲಿ ಒಬ್ಬರೇ ಕೂತಿದ್ದರೆ ಈ ಸಾಲು ಸರಿಯಾಗುತ್ತಿರಲಿಲ್ಲ.

ಮರ್ಜ್ ಆಯಿತು. ಹೊಸ ಆವೃತ್ತಿ ಎಕ್ಸ್‌ಟೆನ್ಷನ್‌ಗಳು ಸಿಗುವ ಮಾರ್ಕೆಟ್‌ಪ್ಲೇಸ್‌ಗೆ ಬರಲು ಇನ್ನೂ ಐದು ವಾರ ಹಿಡಿಯಿತು. ಅಲ್ಲಿಯವರೆಗೆ ನಾನೇ ಪ್ಯಾಕೇಜ್ ಮಾಡಿಕೊಂಡು ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. ಆ ಐದು ವಾರದಲ್ಲಿ ಅದೇ ಯೋಜನೆಯ ಬೇರೆ ಇಶ್ಯೂಗಳನ್ನು ಓದುತ್ತಾ ಹೋದೆ. ಒಂದರಲ್ಲಿ ಯಾರೋ “ಮೂರು ತಿಂಗಳಾಯಿತು, ಇನ್ನೂ ಆಗಿಲ್ವಾ?” ಅಂತ ಬರೆದಿದ್ದರು. ಕೆಳಗೆ ಹನ್ನೊಂದು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು. ಆ ಹನ್ನೆರಡು ಜನರಲ್ಲಿ ಒಬ್ಬರೂ ಎಡಿಟರ್‌ನ ಆವೃತ್ತಿ ಸಂಖ್ಯೆ ಬರೆದಿರಲಿಲ್ಲ. ಇದು ಸರಿಯಲ್ಲ. ಮೇಂಟೇನರ್ ಇದನ್ನು ನೋಡಿಕೊಳ್ಳುವುದು ತಮ್ಮ ಕೆಲಸ ಮುಗಿದ ಮೇಲೆ, ಯಾರಿಂದಲೂ ಏನೂ ತೆಗೆದುಕೊಳ್ಳದೆ. ಅವರ ಬಳಿ ವಾರಕ್ಕೆ ಒಂದು ಸಂಜೆ ಇದ್ದರೆ, ಅದು ನಾವು ಬಿಟ್ಟ ವಿವರ ಕೇಳುವುದರಲ್ಲೇ ಕಳೆದುಹೋಗುತ್ತದೆ.

ನಾನೂ ಒಮ್ಮೆ ತಪ್ಪು ಬಾಗಿಲು ತಟ್ಟುವುದರಲ್ಲಿದ್ದೆ. ದೊಡ್ಡ ಫೈಲಿನಲ್ಲಿ ಟೈಪ್ ಮಾಡುವಾಗ ಅಕ್ಷರಗಳು ತಡವಾಗಿ ಬೀಳತೊಡಗಿದವು. ಪದ ಎಣಿಸುವುದೇ ಕಾರಣ ಅಂತ ನನಗೆ ಖಾತ್ರಿ ಇತ್ತು, ಇಶ್ಯೂ ಅರ್ಧ ಬರೆದೂ ಆಗಿತ್ತು. ಕಳಿಸುವ ಮೊದಲು ವಿಎಸ್ ಕೋಡ್‌ನ ‘ಎಕ್ಸ್‌ಟೆನ್ಷನ್ ಬೈಸೆಕ್ಟ್’ ಓಡಿಸಿದೆ. ಅದು ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ ಈಗ ಹೇಗಿದೆ ಅಂತ ಕೇಳುತ್ತದೆ, ಉತ್ತರ ನೋಡಿ ತೊಂದರೆ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. ನನ್ನಲ್ಲಿ 24 ಇದ್ದವು. ಐದಾರು ಸುತ್ತಿನಲ್ಲಿ ಸಿಕ್ಕಿಬಿದ್ದದ್ದು ಬೇರೆಯೇ ಒಂದು. ಅರ್ಧ ಬರೆದ ಇಶ್ಯೂ ಅಳಿಸಿದೆ.

ಹೊಸ ಆವೃತ್ತಿ ಬಂದ ದಿನ ಆ ಹುಡುಗನಿಗೆ ಹೇಳಿದೆ. ಅವನು ಮತ್ತೆ ಹಾಕಿಕೊಂಡ. ಅವನದೊಂದು ಕರಡು ತೆರೆದ. 1,142. “ಅಕ್ಕಾ, ಬಂತು!” ಅಂದ. ಅಷ್ಟೇ. ಸಂಜೆ ಆ ಮುಚ್ಚಿದ ಇಶ್ಯೂ ಕೆಳಗೆ ಒಂದು ಟಿಪ್ಪಣಿ ಬಂದಿತ್ತು. ಪರ್ಶಿಯನ್‌ನಲ್ಲಿ ಬರೆಯುವವರೊಬ್ಬರದು. ಅವರ ಭಾಷೆಯಲ್ಲೂ ಪದದ ನಡುವೆ ಅದೇ 8204 ಬರುತ್ತದಂತೆ, ದಿನನಿತ್ಯದ ಕ್ರಿಯಾಪದಗಳಲ್ಲೇ. ಈಗ ತಮ್ಮ ಎಣಿಕೆಯೂ ಸರಿ ಬರುತ್ತಿದೆ ಅಂತ ಬರೆದಿದ್ದರು. ನಾನು ‘ಸಾಫ್ಟ್‌ವೇರ್’ ಸರಿ ಮಾಡಲು ಹೋದದ್ದು. ನನಗೆ ಓದಲು ಬಾರದ ಭಾಷೆಯೊಂದು ಅದರ ಜೊತೆಗೆ ಸರಿಹೋಗಿತ್ತು.

ಈಗ ಇನ್ನೊಂದು ಇಶ್ಯೂ ತೆರೆದಿದ್ದೇನೆ. ಅದೇ ಎಕ್ಸ್‌ಟೆನ್ಷನ್ ಪದದ ಜೊತೆ ಅಕ್ಷರಗಳನ್ನೂ ಎಣಿಸುತ್ತದೆ. ‘ಸ್ತ್ರೀ’ ಅಂತ ಬರೆದರೆ 6 ತೋರಿಸುತ್ತದೆ. ಸ, ಅರ್ಧಚಂದ್ರ, ತ, ಅರ್ಧಚಂದ್ರ, ರ, ಈಕಾರ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಸರಿ. ಆದರೆ ಕನ್ನಡ ಓದುವವರಿಗೆ ಅದು ಒಂದೇ ಅಕ್ಷರ. ಮೇಂಟೇನರ್ ಕೇಳಿದ್ದಾರೆ: “ಹಾಗಾದರೆ ನಿಮ್ಮ ಭಾಷೆಯಲ್ಲಿ ಒಂದು ಅಕ್ಷರ ಅಂದರೆ ಏನು? ಉದಾಹರಣೆಗಳ ಒಂದು ಪಟ್ಟಿ ಕೊಡುತ್ತೀರಾ?”

ಪಟ್ಟಿ ಮಾಡುತ್ತಿದ್ದೇನೆ. ಎಡಕ್ಕೆ ಪದ, ನಡುವೆ ಕಂಪ್ಯೂಟರಿನ ಎಣಿಕೆ, ಬಲಕ್ಕೆ ನಮ್ಮ ಎಣಿಕೆ. ‘ಸ್ತ್ರೀ’ 6, 1. ‘ರಾಷ್ಟ್ರ’ 7, 2. ‘ಕನ್ನಡ’ 5, 3. ಹದಿನಾಲ್ಕು ಸಾಲು ಆಗಿದೆ. ‘ಸಾಫ್ಟ್‌ವೇರ್’ ಸಾಲಿನಲ್ಲಿ ಮಾತ್ರ ಬಲಗಡೆ ಇನ್ನೂ ಖಾಲಿ ಬಿಟ್ಟಿದ್ದೇನೆ. ಸಾ, ಫ್ಟ್, ವೇ, ರ್ ಅಂತ ನಾಲ್ಕು ಅನ್ನಬೇಕೋ, ಕೊನೆಯ ಅರ್ಧಾಕ್ಷರಗಳನ್ನು ಹಿಂದಿನದರ ಜೊತೆ ಸೇರಿಸಿ ಎರಡು ಅನ್ನಬೇಕೋ? ಆ ಹುಡುಗ ನಾಲ್ಕು ಅನ್ನುತ್ತಾನೆ. ನನಗೂ ನಾಲ್ಕೇ ಸರಿ ಅನಿಸುತ್ತದೆ, ಆದರೆ ನಾವಿಬ್ಬರೇ ತೀರ್ಮಾನ ಮಾಡುವುದು ಬೇಡ. ನೀವಾದರೆ ಎಷ್ಟು ಅನ್ನುತ್ತೀರಿ, ಯಾಕೆ ಅಂತ ತಿಳಿಸಿ. ಭಾನುವಾರ ಪಟ್ಟಿ ಕಳಿಸುತ್ತೇನೆ ಅಂತ ಅವರಿಗೆ ಹೇಳಿದ್ದೇನೆ.